ಒಣ ಗಾಜಿನ ಮೇಲೆ ವೈಪರ್

ಆಗಸ್ಟ್ 3, 2025, ಭಾನುವಾರ

ಇಂದಿನಿಂದ ಈ ಮನೆಯಲ್ಲಿ ಏಕಸದಸ್ಯ ಸರಕಾರ. ವಿರೋಧ ಪಕ್ಷ, ಅಂದರೆ ನನ್ನ ಹೆಂಡತಿ ವೈಷ್ಣವಿ, ಬೆಳಿಗ್ಗೆ ಹ್ಯೂಸ್ಟನ್ನಿನಲ್ಲಿ ವಿಮಾನ ಹತ್ತಿ ಆಫ್ರಿಕಾಕ್ಕೆ ಹೊರಟುಹೋಯಿತು. ಈ ಐತಿಹಾಸಿಕ ಸಂದರ್ಭದ ನೆನಪಿಗಾಗಿ ಚಹಾ ಕುಡಿದ ಲೋಟವನ್ನು ಸಿಂಕಿನಲ್ಲೇ ಬಿಟ್ಟೆ. ಯಾರೂ ಖಂಡಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನೇ ಎದ್ದು ತೊಳೆದಿಟ್ಟೆ.

ದಿನಚರಿ ಬರೆಯುವ ಚಟ ನನಗಿಲ್ಲ. ಆದರೆ ನನ್ನಂಥವನಿಗೆ ಮಾತು ಒಳಗೇ ಉಳಿದರೆ ಹೊಟ್ಟೆ ಉಬ್ಬರಿಸುತ್ತದೆ. ಗೋಡೆಯ ಜೊತೆ ಮಾತಾಡೋಣವೆಂದರೆ ನಾವಿರುವ ಲಿಯಾಂಡರ್ ಊರಿನ ಮನೆಗಳ ಗೋಡೆ ಟೊಳ್ಳು, ಹೇಳಿದ್ದೆಲ್ಲ ಪಕ್ಕದವರಿಗೆ ಕೇಳುತ್ತದೆ. ಹೀಗಾಗಿ ಈ ಪುಸ್ತಕ.

ಯೋಜನೆ ಮೊದಲಿಗೆ ನಮ್ಮಿಬ್ಬರದೂ ಆಗಿತ್ತು. ಹಳೆಯ ಜಪಾನಿ ಡೀಸೆಲ್ ಜೀಪೊಂದನ್ನು ಕೊಂಡು ಅದಕ್ಕೆ ನಂದಿ ಎಂದು ಹೆಸರಿಟ್ಟೆವು. ಅದರ ನೆತ್ತಿಯ ಮೇಲೆ ಡೇರೆ ಕಟ್ಟಿ, ಹಡಗಿಗೆ ಹತ್ತಿಸಿ ಕೀನ್ಯಾ ಮುಟ್ಟಿಸಿ, ಅಲ್ಲಿಂದ ಯುಗಾಂಡಾದ ಕಾಡುಗಳವರೆಗೆ ಹೋಗುವುದು. ಖಾತೆ ಹಂಚಿಕೆಯೂ ಆಗಿತ್ತು: ಹಕ್ಕಿ ನೋಡುವುದು ವೈಷ್ಣವಿಯ ಖಾತೆ, ಗಾಡಿ ರಿಪೇರಿ ನನ್ನದು. ರಿಪೇರಿಯ ಹೊತ್ತಿಗೆ ಟಾರ್ಚ್ ಹಿಡಿಯುವುದು ಅವಳಿಗೆ ಹೆಚ್ಚುವರಿ ಹೊಣೆ. ಎಂಟು ವರ್ಷ ನಮ್ಮ ಗರಾಜಿನಲ್ಲಿ ಹೀಗೇ ನಡೆದಿತ್ತು. ಏಪ್ರಿಲಿನಲ್ಲಿ ಒಂದು ದಿನ ರೊಟ್ಟಿ ಬಡಿಸುತ್ತ ಅಂದಳು:

"ನಾ ತುಳಸಿ ಜೋಡಿ ಹೋಗ್ತೇನ್ರಿ. ನೀವು ಬರೂದು ಬ್ಯಾಡ."

"ಗಾಡಿ ಕೆಟ್ಟರ?"

"ಫೋನ್ ಮಾಡ್ತೇನಿ."

"ಅಲ್ಲ, ನಾ ಮಾಡಿದ ತಪ್ಪರ ಏನು?"

"ತಪ್ಪೇನಿಲ್ರಿ. ನೀವಿದ್ದಲ್ಲೆ ಒಂದು ಹಕ್ಕಿನೂ ಕೂಡೂದಿಲ್ಲ. ಇಪ್ಪತ್ತಾರು ವರ್ಷ ಆತು. ನಾನೂ ಕೂತಿಲ್ಲ."

ಇದಕ್ಕೆ ನಾನು ಸಾಕ್ಷ್ಯಾಧಾರ ಸಹಿತ ಉತ್ತರ ಕೊಟ್ಟೆ. ನಾನು ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುವಾಗ ನಮ್ಮ ಬೇಲಿಯ ಮೇಲೆ ಪಾರಿವಾಳಗಳು ಕದಲದೆ ಕೂರುವುದನ್ನು ಎತ್ತಿ ತೋರಿಸಿದೆ. ಅಡಿಗೆಮನೆಯ ಕಟ್ಟೆ ಒರೆಸುವವರೆಗೂ ಮಾತಾಡಿದೆ. ಅವಳು ತಿರುಗಿ ಒಂದು ಮಾತೂ ಆಡಲಿಲ್ಲವಾದ್ದರಿಂದ ಗೆದ್ದೆನೆಂದು ಭಾವಿಸಿ ಮಲಗಿದೆ.

ತುಳಸಿ ಎಂದರೆ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿರುವ ಅವಳ ಗೆಳತಿ. ಮೈಸೂರಿನವರು, ನಿವೃತ್ತ ನರ್ಸ್, ಮಿತಭಾಷಿ. ಇಂದು ನಿಲ್ದಾಣದಲ್ಲಿ ಅವರು ಸಾಮಾನು ತೂಗಿಸಲು ಹೋದಾಗ ವೈಷ್ಣವಿ ನನ್ನ ಅಂಗಿಯ ಮೇಲಿನ ಗುಂಡಿ ಹಾಕಿದಳು.

"ಫೆಬ್ರವರಿಯೊಳಗ ಬರ್ತೇನಿ. ಬಂದ ಮ್ಯಾಲೆ ಲಿಯಾಂಡರಿಗೆ ಬರೂದೋ, ಕೇಟಿಯೊಳಗ ತುಳಸಿ ಮನ್ಯಾಗ ಇರೂದೋ, ಆವಾಗ ನೋಡೂಣು. ಅಲ್ಲೀಮಟ ಕೇಳಬ್ಯಾಡ್ರಿ."

ಸಂಜೆ ನಮ್ಮ ಬೀದಿಗೆ ತಿರುಗಿದಾಗ ಎದುರುಮನೆಯ ಶಾಂತವ್ವ ಎಂದಿನಂತೆ ಮಗನ ಗರಾಜಿನ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ನೋಡಿಯೂ ಕೈ ಎತ್ತಲಿಲ್ಲ. ಅವರ ತಪ್ಪಲ್ಲ, ನಾನು ಬಂದದ್ದು ಇನ್ನೊಂದು ಕಾರಿನಲ್ಲಿ; ನಂದಿ ಆಗಲೇ ಹಡಗು ಹತ್ತಿತ್ತು. ನಂದಿಯ ಸ್ಟಿಯರಿಂಗ್ ಬಲಕ್ಕಿದೆ. ಇಲ್ಲಿಯ ಕಾರುಗಳಲ್ಲಿ ಇಂಡಿಕೇಟರಿನ ಕಡ್ಡಿ ಇರುವ ಎಡಗಡೆ ಅದಕ್ಕೆ ವೈಪರಿನ ಕಡ್ಡಿ. ಬೀದಿಗೆ ತಿರುಗುವಾಗ ವೈಷ್ಣವಿಯ ಕೈ ಪ್ರತಿ ಸಲ ತಪ್ಪು ಕಡ್ಡಿಗೇ ಹೋಗಿ, ಮೊಟ್ಟೆ ಬೇಯುವಂಥ ಬಿಸಿಲಿನಲ್ಲಿ ಒಣ ಗಾಜಿನ ಮೇಲೆ ವೈಪರುಗಳು ಕಿರ್ ಕಿರ್ ಎಂದು ಆಡುತ್ತಿದ್ದವು. ನಾನು ಪ್ರತಿ ಸಲ ಉಪನ್ಯಾಸ ಕೊಡುತ್ತಿದ್ದೆ. ಶಾಂತವ್ವ ಮಾತ್ರ ಅದನ್ನು ಗಾಡಿ ತಮಗೆ ಮಾಡುವ ನಮಸ್ಕಾರವೆಂದು ತಿಳಿದು ಕೈ ಎತ್ತುತ್ತಿದ್ದರು.

"ಗಾಡಿ ಎಲ್ಲೈತೋ ತಮ್ಮಾ?" ಎಂದು ಕೇಳಿದರು.

"ಆಫ್ರಿಕಾಕ್ಕ ಹೋಗೇತಿ, ಶಾಂತವ್ವಾ."

"ಗಾಡಿ ಒಂದ?"

ನಾನು ಗರಾಜಿನ ಬಾಗಿಲು ಎತ್ತುವ ಗುಂಡಿ ಒತ್ತಿದೆ. ಒಳಗೆ ಗಾಡಿಯಿದ್ದ ಜಾಗದಲ್ಲಿ ಎಣ್ಣೆಯ ಕಲೆ.

ಆಗಸ್ಟ್ 22

ನಂದಿ ಮೊಂಬಾಸಾ ಬಂದರಿನಿಂದ ಹೊರಬಿತ್ತು. ಅಲ್ಲಿಯ ಸಂಜೆ ನಮಗೆ ಬೆಳಿಗ್ಗೆ, ನಡುವೆ ಎಂಟು ತಾಸಿನ ಅಂತರ. ನಾನು ಕೆಲಸ ಮಾಡುವ ಟೇಲರ್ ಊರಿನ ಚಿಪ್ ಕಾರ್ಖಾನೆಯಲ್ಲಿ ಬೆಳಗಿನ ಮೀಟಿಂಗ್ ನಡೆದಿದ್ದಾಗ ಫೋನ್ ಬಂತು. ಹೊಟ್ಟೆನೋವೆಂದು ಹೇಳಿ ಹೊರಗೆ ಬಂದೆ.

"ಚಾಲೂ ಆತ್ರಿ."

"ಸಪ್ಪಳ ಕೇಳಿಸು."

ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದಳು. ಆರೋಗ್ಯವಂತ ಡೀಸೆಲ್ ಎಂಜಿನ್. ನಾನು ಅಭಿನಂದನಾ ಭಾಷಣ ಶುರು ಮಾಡುವಷ್ಟರಲ್ಲಿ "ಸರಿ ಹಂಗಾರ" ಎಂದು ಇಟ್ಟಳು. ನಮ್ಮ ಮನೆಯಲ್ಲಿ ಯಾವ ಫೋನೂ "ಊಟ ಆತೇನ್ರಿ?" ಎಂದು ಕೇಳದೆ ಮುಗಿದದ್ದಿಲ್ಲ. ಪ್ರಶ್ನೆ ಬರಬಹುದೆಂದು ನಿನ್ನೆಯೇ ಬದನೆಕಾಯಿ ಎಣಗಾಯಿ ಮಾಡಿಟ್ಟಿದ್ದೆ.

ಸೆಪ್ಟೆಂಬರ್ 6

ಕೊನೆಗೂ ಗಾಡಿ ಕೆಟ್ಟಿದೆ! ದೇವರು ದೊಡ್ಡವನು.

ಕೀನ್ಯಾದ ಪಶ್ಚಿಮದ ಕಾಡಿನಿಂದ ವೈಷ್ಣವಿ ಧ್ವನಿ ಸಂದೇಶ ಕಳಿಸಿದ್ದಾಳೆ: "ಹೋದಲ್ಲೆಲ್ಲಾ ಕುಂಯ್ ಅಂತದ್ರಿ. ಕೇಳ್ರಿ." ಕೇಳಿದೆ. ಎಂಜಿನ್ನಿನ ಗುಡುಗುಡು, ಅದರ ಮೇಲೆ ಚೂಪಾದ ಮೂರು ಸ್ವರ, ಒಂದಕ್ಕಿಂತ ಒಂದು ಇಳಿಯುತ್ತ: ಪೀ, ಪೀ, ಪೀ. ಕಾರ್ಖಾನೆಯ ಬಿಳಿ ಮುಸುಕು ಹಾಕಿಕೊಳ್ಳುವ ಕೋಣೆಯಲ್ಲಿ ನಿಂತು ಮತ್ತೆ ಮತ್ತೆ ಕೇಳಿದೆ. ಎಳೆಯ ಮಗುವೂ ಹೇಳಬಲ್ಲದು: ಫ್ಯಾನ್ ಬೆಲ್ಟು ಸಡಿಲ.

ಬೆಲ್ಟು ಬಿಗಿಮಾಡುವ ವಿಧಾನವನ್ನು ಪೀಠಿಕೆ, ಇತಿಹಾಸ ಮತ್ತು ಉಪಸಂಹಾರ ಸಮೇತ ಧ್ವನಿ ಸಂದೇಶದಲ್ಲಿ ಕಳಿಸಿದೆ. ಫೋನು ನಡುವೆ ಒಮ್ಮೆ ತಾನಾಗಿಯೇ ನಿಂತಿತು. ಎರಡನೆಯ ಭಾಗ ಪ್ರತ್ಯೇಕ ಕಳಿಸಿದೆ.

ಸೆಪ್ಟೆಂಬರ್ 7

"ಬೆಲ್ಟು ಬಿಗಿ ಮಾಡಿದ್ವಿ. ಇನ್ನೂ ಒದರಾಕತ್ತದ."

"ಇನ್ನೊಂದೀಟು ಬಿಗಿ ಮಾಡು."

"ಮಾಡೇವ್ರಿ. ಎಂಜಿನ್ ಬಂದ್ ಮಾಡಿದ್ರೂ ಒದರಾಕತ್ತದ."

"ಬಂದ್ ಮಾಡಿದ ಮ್ಯಾಲೆ ಬೆಲ್ಟು ಹೆಂಗ ಒದರತದ?"

"ಅದನ್ನ ನಿಮಗ ಕೇಳಾಕತ್ತೇನಿ. ಗಿಡದ ಮ್ಯಾಲೆ ಕೂತು ಒದರಾಕತ್ತದ."

ಹಿಂದಿನಿಂದ ತುಳಸಿಯವರು "ಶ್ರೀಶೈಲ್ ಅವರೇ, ನಿಮ್ಮ ಬೆಲ್ಟು ಹಾರಿಹೋಯ್ತು!" ಎಂದು ಕೂಗಿದರು. ಮಿತಭಾಷಿ ಎಂದು ಮೇಲೆ ಬರೆದದ್ದನ್ನು ಹಿಂತೆಗೆದುಕೊಂಡಿದ್ದೇನೆ. ಕೋಗಿಲೆಯ ದಾಯಾದಿಯಂತೆ ಆ ಹಕ್ಕಿ, ಎದೆ ಕೆಂಪು. ಅದು ಕೂಗಿದರೆ ಮಳೆ ಬರುತ್ತದೆ ಎಂದು ಅಲ್ಲಿಯ ಜನ ಹೇಳುತ್ತಾರಂತೆ.

ಆಮೇಲೆ ವೈಷ್ಣವಿ ನಕ್ಕಳು. ಫೋನು ಕೈಯಿಂದ ಬೀಳುವಷ್ಟು ನಕ್ಕಳು. ಈ ನಗೆಯನ್ನು ನಾನು ಈ ಮನೆಯಲ್ಲಿ ಕೇಳಿ ಎಷ್ಟು ದಿನವಾಯಿತೆಂದು ಯೋಚಿಸಿದೆ. ಬೇಡದ ಯೋಚನೆ. ಎರಡನೆಯ ಸಲ ಇಂಥ ಅವಮಾನ ಆಗಬಾರದೆಂಬ ಶುದ್ಧ ತಾಂತ್ರಿಕ ಕಾರಣಕ್ಕಾಗಿ ಇನ್ನು ಮೇಲೆ ಸಂದೇಶಗಳನ್ನು ಕಣ್ಣು ಮುಚ್ಚಿ, ಬಾಯಿ ಮುಚ್ಚಿ ಕೇಳುವುದೆಂದು ತೀರ್ಮಾನಿಸಿದ್ದೇನೆ.

ಸೆಪ್ಟೆಂಬರ್ 20

ಮಗಳು ಸಾನ್ವಿ ಡಲ್ಲಾಸಿನಿಂದ ವಾರಾಂತ್ಯಕ್ಕೆ ಬಂದಿದ್ದಾಳೆ. ಅಪ್ಪ ಹಸಿವಿನಿಂದ ಸತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಪ್ರವಾಸದ ಉದ್ದೇಶ. ಎಚ್‌ಇಬಿ ಅಂಗಡಿಗೆ ತರಕಾರಿ ತರಲು ಹೋಗುವಾಗ ಕಾರಿನ ಸ್ಪೀಕರಿನಲ್ಲಿ ನಂದಿಯ ಸದ್ದು ಹಾಕಿದೆ.

"ಅಪ್ಪಾ, ಈಸ್ ದಿಸ್ ಜಸ್ಟ್ ಎಂಜಿನ್ ನಾಯ್ಸ್?"

"ಎಂಜಿನ್ ಅಷ್ಟ ಅಲ್ಲವ್ವಾ. ಹಿಂದ ಕೇಳು."

"ಯು ಮಿಸ್ ಹರ್."

"ಮೂರನೇ ಗೇರಿನ್ಯಾಗ ಒಂಚೂರು ಸಪ್ಪಳ ಅದ. ಅದನ್ನ ನೋಡಾಕತ್ತೇನಿ."

ಎಚ್‌ಇಬಿ ಪಾರ್ಕಿಂಗಿನ ಗಿಡಗಳಲ್ಲಿ ದಿನವೂ ಸಂಜೆ ಕೂಡುವ ಕರಿ ಹಕ್ಕಿಗಳ ಸಂತೆ ಸೇರಿತ್ತು. ನಾನು ಇಷ್ಟು ವರ್ಷ ಅವನ್ನು ಪುಂಡರ ಗುಂಪು ಎಂದು ಕರೆದಿದ್ದೆ. ಇಂದು ಗಮನಿಸಿದರೆ ಅದರಲ್ಲೂ ತರಾವರಿ: ಒಂದು ಬಾಗಿಲ ತಿರುಗಣಿಯಂತೆ ಕಿರುಗುಟ್ಟುತ್ತದೆ, ಒಂದು ಕೆಟ್ಟ ಸ್ಟಾರ್ಟರಿನಂತೆ. ಸಾನ್ವಿ ಸಾಮಾನು ತುಂಬಿಕೊಂಡು ಹೊರಗೆ ಬಂದಾಗಲೂ ನಾನು ಕಾರಿಗೆ ಒರಗಿ ಅಲ್ಲೇ ನಿಂತಿದ್ದೆನಂತೆ. "ಯು ಆರ್ ಸೋ ಕ್ವಾಯೆಟ್, ಅಪ್ಪಾ. ಆರ್ ಯು ಓಕೆ?" ಎಂದಳು. ಮಕ್ಕಳು ಸುಮ್ಮನೆ ಗಾಬರಿಯಾಗುತ್ತಾರೆ.

ಅಕ್ಟೋಬರ್ 1, ಆಯುಧ ಪೂಜೆ

ಗರಾಜಿನಲ್ಲಿ ಒಬ್ಬನೇ ಹತ್ಯಾರಗಳ ಪೆಟ್ಟಿಗೆಗೆ ಪೂಜೆ ಮಾಡಿದೆ. ನಟ್ಟು ಬಿಚ್ಚುವ ಪಾನಾಗಳಿಗೆಲ್ಲ ಕುಂಕುಮ. ಬಾಗಿಲಿಗೆ ಬಂದ ಶಾಂತವ್ವ "ಗಾಡಿ ಇಲ್ಲದ ಪೂಜಿ ಏನೋ ನಿಂದು" ಎಂದು ಬೈದು, ಎರಡು ಹೋಳಿಗೆ ಕೊಟ್ಟು ಹೋದರು.

ವೈಷ್ಣವಿಯ ಫೋಟೋ ಬಂತು. ಈಗ ಯುಗಾಂಡಾದಲ್ಲಿದ್ದಾರೆ. ನಂದಿಗೆ ಯಾವುದೋ ಕಾಡುಹೂವಿನ ಮಾಲೆ, ಚಕ್ರಗಳ ಕೆಳಗೆ ಲಿಂಬೆಹಣ್ಣು, ಬಾನೆಟ್ಟು ತೆರೆದೇ ಇದೆ. ಬಾನೆಟ್ಟು ಮುಚ್ಚಿ ಪೂಜೆ ಮಾಡುವುದು ಅವಳಿಗೆ ಒಪ್ಪಿಗೆಯಿಲ್ಲ. "ಪೂಜಿ ಎಂಜಿನ್ನಿಗೋ, ಮ್ಯಾಲಿನ ತಗಡಿನ ಪತ್ರಾಕ್ಕೋ?" ಎಂದು ಎಂಜಿನ್ನಿನ ಮೇಲೆಯೇ ಅಕ್ಷತೆ ಹಾಕುವವಳು. ಇಲ್ಲಿ ಪ್ರತಿ ವರ್ಷ ಮರುದಿನ ಆ ಕಾಳುಗಳನ್ನು ಒಂದೊಂದಾಗಿ ಆರಿಸುವುದು ನನ್ನ ಕೆಲಸವಾಗಿತ್ತು.

ಅಕ್ಟೋಬರ್ 5

ನಂದಿ ಸತ್ತು ಮಲಗಿದೆ. ಕೀಲಿ ತಿರುಗಿಸಿದರೆ ಟಿಕ್ ಎನ್ನುವುದಿಲ್ಲ, ದೀಪವಿಲ್ಲ. ಕಾಡಿನಂಚಿನ ಶಿಬಿರ, ಆ ಬಯಲಿನಲ್ಲಿ ಇವರದೊಂದೇ ಗಾಡಿ. ಬ್ಯಾಟರಿ ನೋಡು, ಫ್ಯೂಸು ನೋಡು ಎಂದೆ. ಎರಡೂ ಸರಿಯಿವೆ. ನಾಳೆ ಪೇಟೆಯಿಂದ ಮೆಕ್ಯಾನಿಕ್ ಬರುತ್ತಾನಂತೆ. ಎಲ್ಲ ಬದಿಯ ಫೋಟೋ ಕಳಿಸು ಎಂದು ಹೇಳಿದ್ದೇನೆ.

ಅಕ್ಟೋಬರ್ 6

ಇಂದು ರಜೆ ಹಾಕಿದೆ. ಬೆಳಿಗ್ಗೆ ಏಳಕ್ಕೇ ಫೋಟೋಗಳು ಬಂದಿದ್ದವು. ಮೆಕ್ಯಾನಿಕ್ ಬಂದು, ಎರಡು ತಾಸು ಹುಡುಕಿ, ದೊಡ್ಡ ಗರಾಜಿಗೆ ಎಳೆದುಕೊಂಡು ಹೋಗಬೇಕೆಂದು ಹೇಳಿ ಹೋದನಂತೆ. ಅವನದೇನೂ ತಪ್ಪಿಲ್ಲ. ಅವನಿಗೆ ವೈಷ್ಣವಿ ಗೊತ್ತಿಲ್ಲ.

ಮೂರನೆಯ ಫೋಟೋದಲ್ಲಿ, ಬ್ಯಾಟರಿಯ ಹಿಂದೆ ವೈರುಗಳ ಕಟ್ಟು ಒಳಗೆ ಹೋಗುವ ಸಂದಿಯ ಬಾಯಲ್ಲಿ, ಹಳದಿಯ ಎರಡು ಕಾಳು ಕಂಡವು. ಅಕ್ಷತೆ. ಅವಳಿಗೆ ಬೊಗಸೆ ತುಂಬ ಹಾಕಿ ಅಭ್ಯಾಸ, ಜೊತೆಗೆ ಒಂದು ಚೂರು ಬೆಲ್ಲ ಇಟ್ಟಿರುತ್ತಾಳೆ. ಕಾಡಿನ ಇಲಿಗಳಿಗೆ ಇದಕ್ಕಿಂತ ದೊಡ್ಡ ಆಮಂತ್ರಣ ಬೇಕೆ? ಪ್ರಸಾದ ತಿಂದು, ಅದೇ ಬಾಯಿಗೆ ವೈರನ್ನೂ ತಿಂದಿವೆ. ಫೋನ್ ಎತ್ತಿ ಎರಡು ಮಾತು ಹೇಳಿದರೆ ಕೆಲಸ ಮುಗಿಯಿತು.

ಮುಗಿದರೆ ಮುಗಿಯಿತು. ಇನ್ನೊಂದು ಸಲ ಕೆಡುವವರೆಗೆ ಫೋನಿಲ್ಲ.

ಅವಳೇ ಫೋನ್ ಮಾಡಿದಾಗ "ನೋಡಾಕತ್ತೇನಿ" ಎಂದೆ. ಮತ್ತೆ ಮಾಡಿದಳು. ಕರೆಂಟು ಹಾಯಿಸುವ ರಿಲೇ ಕೆಟ್ಟಿರಬಹುದೆಂದೆ. ಮೂರನೆಯ ಸಲ ಮಾಡಿದಾಗ ಅಲ್ಲಿ ಕತ್ತಲಾಗುತ್ತಿತ್ತು. ರಿಲೇ ಬದಲಿಸಿಯೂ ಆಗಿತ್ತು. ಮತ್ತೊಂದು ಸಲ ಮಾಡಿದಾಗ ಅವಳ ದನಿ ದಣಿದಿತ್ತು.

"ಊಟ ಆತೇನ್ರಿ?" ಎಂದಳು.

ಆಯಿತೆಂದೆ. ಏನು ಊಟ ಎಂದಳು. ಅನ್ನ, ಸಾರು ಎಂದೆ. ವರ್ಣನೆ ಮಾಡಲಿಲ್ಲ, ಯಾಕೋ. ಅತ್ತಲಿಂದ ಹುಳಗಳ ಒಂದೇ ಸಮನೆಯ ಸದ್ದು, ಅದರೊಳಗೆ ಎಲ್ಲೋ ದೂರದಲ್ಲಿ ಪೀ, ಪೀ, ಪೀ. ಇಬ್ಬರೂ ಕೇಳಿದೆವು.

"ಅದೀರೇನ್ರಿ?"

"ಅದೀನಿ."

"ನಾಳೆ ನೋಡೂಣು ಹಂಗಾರ."

ಈಗ ಮಧ್ಯಾಹ್ನ. ಹಿತ್ತಲಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಾಳೆ ಹೇಳಿದರಾಯಿತು. ಒಂದು ದಿನದಲ್ಲಿ ಏನಾಗುತ್ತದೆ?

ಅಕ್ಟೋಬರ್ 7

ಹೇಳಿದೆ. ಸಂದಿಯ ಹಿಂದೆ ಕೈ ಹಾಕಿದ್ದಾಳೆ. ಕಡಿದ ವೈರು, ಹುಲ್ಲಿನ ಗೂಡು, ಗೂಡಿನಲ್ಲಿ ಹಳದಿ ಅಕ್ಕಿ. ಸುಲಿದು ಹೊಸೆದು ಟೇಪು ಸುತ್ತುವುದನ್ನು ಹೇಳಿಕೊಟ್ಟೆ. ಟಾರ್ಚ್ ತುಳಸಿಯವರು ಹಿಡಿದರಂತೆ. ನಂದಿ ಒಂದೇ ಸಲಕ್ಕೆ ಎದ್ದಿತು.

"ಇದು ನಿಮ್ಮನ್ನ ಬಿಟ್ಟು ಯಾರಿಗೂ ಗೊತ್ತಾಗತಿದ್ದಿಲ್ರಿ" ಎಂದಳು. ನಾನು ಎದೆಯುಬ್ಬಿಸಿದೆ. ಎದೆ ಪೂರ್ತಿ ಉಬ್ಬುವ ಮೊದಲೇ ಕೇಳಿದಳು:

"ಹೆಂಗ ಗೊತ್ತಾತು?"

"ಫೋಟೋದಾಗ ಅಕ್ಷತಿ ಕಂಡ್ವು."

"ಫೋಟೋ ನಿನ್ನೆ ಕಳಿಸಿದ್ದೆ."

ನಾನು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದೆ.

"ರಾತ್ರೆಲ್ಲಾ ಆನಿ ಬಂದಿದ್ವು" ಎಂದಳು. ದನಿ ಏರಿರಲಿಲ್ಲ. "ಡೇರೇದ ಬುಡಕ್ಕ ನಿಂತು ಟೊಂಗಿ ಮುರೀತಿದ್ವು. ಲೈಟ್ ಹಚ್ಚೂಣಂದ್ರ ಕರೆಂಟಿಲ್ಲ, ಹಾರ್ನ್ ಇಲ್ಲ. ಬೆಳಗಾಗೂಮಟ ತುಳಸಿ ನನ್ನ ಕೈ ಬಿಡಲಿಲ್ಲ."

"ವೈಷ್ಣವಿ, ನಾ ಬರ್ತೇನಿ. ನಾಳೇನ ಟಿಕೆಟ್ ತಗಸ್ತೇನಿ."

"ಬರಬ್ಯಾಡ್ರಿ."

ಅಕ್ಟೋಬರ್ 20, ದೀಪಾವಳಿ

"ಹಬ್ಬದ ಶುಭಾಶಯಗಳು" ಎಂದು ಬರಹದ ಸಂದೇಶ ಬಂತು. ಎಲ್ಲರಿಗೂ ಕಳಿಸಿದ್ದು. ಸಾನ್ವಿಗೂ ಅದೇ ಬಂದಿದೆ, ಅದೇ ದೀಪದ ಚಿತ್ರ.

ನವೆಂಬರ್ 2

ಚಳಿಗಾಲಕ್ಕೆಂದು ಇಲ್ಲಿ ಗಡಿಯಾರಗಳನ್ನು ಒಂದು ತಾಸು ಹಿಂದಕ್ಕೆ ತಿರುಗಿಸಿದೆವು. ಇನ್ನು ಮೇಲೆ ಅಂತರ ಒಂಬತ್ತು ತಾಸು.

ನವೆಂಬರ್ 27

ಥ್ಯಾಂಕ್ಸ್‌ಗಿವಿಂಗಿಗೆ ಡಲ್ಲಾಸಿನಲ್ಲಿ ಸಾನ್ವಿಯ ಮನೆ. ಟರ್ಕಿ ಕೋಳಿಯ ಜಾಗದಲ್ಲಿ ಗೋಬಿ. ಊಟವಾದ ಮೇಲೆ ಸಾನ್ವಿ ಹಿಂಜರಿಯುತ್ತ ಫೋನು ಮುಂದೆ ಹಿಡಿದಳು. "ಅಮ್ಮ ಸೆಂಟ್ ಮಿ ದಿಸ್."

ವಿಡಿಯೋದಲ್ಲಿ ವೈಷ್ಣವಿ ತಲೆಗೆ ಕರವಸ್ತ್ರ ಕಟ್ಟಿಕೊಂಡು ಬಾನೆಟ್ಟಿನೊಳಗೆ ಬಾಗಿದ್ದಾಳೆ. ಡೀಸೆಲ್ ಫಿಲ್ಟರ್ ಬದಲಿಸುತ್ತಿದ್ದಾಳೆ. ನಾನು ಹೇಳಿಕೊಟ್ಟದ್ದಲ್ಲ. ಹಳೆಯದನ್ನು ಬಿಚ್ಚುವ ಮೊದಲು ಕೆಳಗೊಂದು ಅರಿವೆ ಹಾಸಿದಳು, ಡೀಸೆಲ್ ಬೇರೆಲ್ಲೂ ಸೋರದಂತೆ. ಎಂಟು ವರ್ಷದಲ್ಲಿ ನನಗೆ ಹೊಳೆಯದ ಉಪಾಯ. ಕೈಪಂಪಿನಿಂದ ಗಾಳಿ ತೆಗೆದಳು, ಚಾಲೂ ಮಾಡಿದಳು, ಕೈ ಒರೆಸಿಕೊಂಡಳು. ಕ್ಯಾಮೆರಾದ ಕಡೆ ನೋಡಲೂ ಇಲ್ಲ.

"ಶಿ ಡಿಡ್ ಇಟ್ ಆಲ್ ಬೈ ಹರ್‌ಸೆಲ್ಫ್!" ಎಂದಳು ಸಾನ್ವಿ. ಮತ್ತೆ ಸ್ವರ ತಗ್ಗಿಸಿ, "ಬಟ್ ವಾಟ್ಸ್ ದಟ್ ನಾಕಿಂಗ್? ಎಂಜಿನ್?"

"ಎಂಜಿನ್ ಅಲ್ಲವ್ವಾ. ಟುರಾಕೊ ಹಕ್ಕಿ. ನೀಲಿದು, ದೊಡ್ಡದು. ಎರಡು ಅದಾವು, ಒಂದು ಎಡಕ್ಕ, ಇನ್ನೊಂದು ದೂರ."

ಸಾನ್ವಿ ನನ್ನನ್ನೇ ನೋಡಿದಳು. ಇಷ್ಟು ಸಂದೇಶ ಕೇಳಿದವನಿಗೆ ಇದು ತಿಳಿಯುವುದು ದೊಡ್ಡದೇನಲ್ಲ. ಅವಳು ನೋಡಿದ್ದು ಬೇರೆ ಯಾತಕ್ಕೋ ಇರಬೇಕು. ಮಜ್ಜಿಗೆಯಲ್ಲಿ ಖಾರ ಹೆಚ್ಚಾಗಿ ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಡಿಸೆಂಬರ್ 14

ನಂದಿಯನ್ನು ಮತ್ತೆ ಹಡಗಿಗೆ ಹತ್ತಿಸಿದರಂತೆ. ವೈಷ್ಣವಿ ಧಾರವಾಡಕ್ಕೆ, ತವರಿಗೆ. ಗಾಡಿ ಗಾಲ್ವೆಸ್ಟನ್ ಮುಟ್ಟುವ ಹೊತ್ತಿಗೆ ಹ್ಯೂಸ್ಟನ್ನಿಗೆ ಬರುತ್ತಾಳೆ. ಕಾಗದಪತ್ರ ನನ್ನ ಹೆಸರಿನಲ್ಲಿರುವುದರಿಂದ ಬಂದರಿಗೆ ನಾನೂ ಬರಬೇಕು. ಇದಿಷ್ಟೂ ಸಾನ್ವಿಯ ಮೂಲಕ.

ಸಂಜೆ ಎಚ್‌ಇಬಿಯಲ್ಲಿ ಹಕ್ಕಿಗಳೆಲ್ಲ ಕೂತಮೇಲೆ ಮನೆಗೆ ಬಂದೆ.

ಜನವರಿ 18, 2026

ಸೀಡರ್ ಗಿಡಗಳು ಹಳದಿ ಹೊಗೆಯಂತೆ ಪರಾಗ ಬಿಡುತ್ತಿವೆ. ಊರಿಗೆ ಊರೇ ಸೀನುತ್ತಿದೆ. ನನಗೆ ಗಂಟಲು ಕಟ್ಟಿಹೋಗಿ ಮಾತೇ ಹೊರಡುತ್ತಿಲ್ಲ. ಶಾಂತವ್ವ ಮೆಣಸಿನ ಕಷಾಯ ತಂದುಕೊಟ್ಟು, "ಭಾಳ ದಿವಸಾತು ನಿನ್ನ ದನಿ ಕೇಳಿ. ನಿಮ್ಮ ಮನೀ ಗ್ವಾಡಿನೂ ಮೂಕ ಆಗೇತಿ ಅಂತಾರಂತ ಪಕ್ಕದವರು, ನನ್ನ ಮಗ ಹೇಳಿದ" ಎಂದರು.

ಎಲ್ಲ ಸೀಡರಿನ ಕೃಪೆ.

ಫೆಬ್ರವರಿ 6, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಗಾಲ್ವೆಸ್ಟನ್ ಮುಟ್ಟಿದಾಗ ವೈಷ್ಣವಿ ಬಂದರಿನ ಕಚೇರಿಯ ಮುಂದೆ ನಿಂತಿದ್ದಳು. ತುಳಸಿಯವರು ಕಾರಿನಲ್ಲಿ ಕರೆತಂದು ಬಿಟ್ಟು ಹೋಗಿದ್ದರಂತೆ. ಬಿಸಿಲಿಗೆ ಕಂದಿದ್ದಾಳೆ, ಮುಂಗೂದಲು ನೆರೆತಿದೆ, ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾಳೆ. ಚಂದ ಕಾಣುತ್ತಿದ್ದಳು. ಹಾಗೆ ಹೇಳಬೇಕೆಂದುಕೊಂಡೆ. "ಸೊರಗೀರಿ" ಎಂದು ಅವಳೇ ಮೊದಲು ಅಂದಳು. ಗಂಟಲು ಮುಟ್ಟಿ ತೋರಿಸಿ "ಸೀಡರ್" ಎಂದೆ.

ಸಹಿ ಮಾಡಿದ ಮೇಲೆ ನಂದಿಯನ್ನು ತೋರಿಸಿದರು. ಎಡ ಬಾಗಿಲಿಗೆ ಉದ್ದ ಗೀರು, ಮೈತುಂಬ ಕೆಂಪು ಮಣ್ಣು. ಹಡಗಿಗಾಗಿ ಬ್ಯಾಟರಿಯ ತಂತಿ ಬಿಚ್ಚಿದ್ದರು. ಅಭ್ಯಾಸಬಲದಿಂದ ಹತ್ತನೇ ನಂಬರಿನ ಪಾನಾ ತೆಗೆದುಕೊಂಡು ಹೋಗಿದ್ದೆ, ಜೇಬಿನಲ್ಲಿತ್ತು. ಅವಳ ಜೇಬಿನಲ್ಲೂ ಒಂದಿತ್ತು. ಅವಳು ಬಾಗಿದಳು. ಬಾನೆಟ್ಟಿನ ನೆರಳಿಗೆ ಒಳಗೆ ಕತ್ತಲಿತ್ತು. ನಾನು ಫೋನಿನ ಟಾರ್ಚ್ ಹಚ್ಚಿ ಹಿಡಿದೆ.

"ಒಂಚೂರು ಬಲಕ್ಕ" ಎಂದಳು.

ಬಲಕ್ಕೆ ಹಿಡಿದೆ. ಬೆಳಕಿನಲ್ಲಿ ನಾನೇ ಹೇಳಿಕೊಟ್ಟ ಟೇಪಿನ ಸುತ್ತು ಕಂಡಿತು. ಇಬ್ಬರೂ ಅದನ್ನು ನೋಡಿದೆವು, ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಮಧ್ಯಾಹ್ನದ ಊಟಕ್ಕೆ ಸಮುದ್ರದ ದಂಡೆಯಲ್ಲಿ ನಿಲ್ಲಿಸಿದೆವು. ಅವಳು ಧಾರವಾಡದಿಂದ ತಂದ ರೊಟ್ಟಿ ಮತ್ತು ಅಗಸಿ ಚಟ್ನಿ. ಕಟ್ಟೆಯ ಮೇಲೆ ಕೂತೆವು. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಅದನ್ನು ಕೇಳಬಾರದೆಂದು ಆಗಸ್ಟಿನಲ್ಲೇ ಅಪ್ಪಣೆಯಾಗಿತ್ತು. ಉಳಿದ ಮಾತೆಲ್ಲ ಬಿಟ್ಟು ರೊಟ್ಟಿ ಮುರಿದೆ.

ತುಸು ಹೊತ್ತಿಗೆ ಮರಳಿನ ಮೇಲೆ ಸಣ್ಣ ಹಕ್ಕಿಗಳ ಸಾಲೊಂದು ಅಲೆಯ ಹಿಂದೆ ಓಡುತ್ತ ಬಂತು. ನಮ್ಮಿಂದ ಎರಡು ಮಾರು ದೂರದಲ್ಲಿ ಕೆದಕತೊಡಗಿದವು. ಒಂದು ಹೆಜ್ಜಾರ್ಲೆ ಬಂದು ಕಂಬದ ಮೇಲೆ ಕೂತಿತು, ಹಿಂದೆಯೇ ಇನ್ನೊಂದು. ಬಲಗಡೆಯ ಕೆಸರಿನಲ್ಲಿ ಗುಲಾಬಿ ಬಣ್ಣದ ಚಮಚಗೊಕ್ಕಿನ ಹಕ್ಕಿಯೊಂದು ನೀರು ಕಲಕುತ್ತ ಕಲಕುತ್ತ ನಮ್ಮ ಕಾಲ ಹತ್ತಿರವೇ ಬಂದುಬಿಟ್ಟಿತು. ವೈಷ್ಣವಿಯ ಕೈಯಲ್ಲಿ ರೊಟ್ಟಿ ಹಾಗೇ ಉಳಿದಿತ್ತು. ದುರ್ಬೀನು ಕುತ್ತಿಗೆಯಲ್ಲಿತ್ತು, ಬೇಕಾಗಲಿಲ್ಲ.

ಅದು ಹೋದ ಮೇಲೆ ಅವಳು ಮೆಲ್ಲಗೆ ಅಂದಳು: "ಇಷ್ಟು ಸನೇಕ ಎಂದೂ ಬಂದಿಲ್ರಿ."

"ಸೀಸನ್ ಇರಬೇಕು" ಎಂದೆ.

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣುಗಳು ತುಂಬಿದ್ದವು. ಸೀಡರ್ ಗಾಲ್ವೆಸ್ಟನ್‌ವರೆಗೆ ಬರುವುದಿಲ್ಲವೆಂದು ಕೇಳಿದ್ದೆ.

"ನಡೀರಿ" ಎಂದು ಎದ್ದಳು. "ನಾ ಮುಂದ ಹೋಗ್ತೇನಿ. ಹಿಂದ ಬರ್ರಿ. ಹೊಗಿ ಬಿಟ್ಟರ ಲೈಟ್ ಹೊಡೀರಿ."

ಹ್ಯೂಸ್ಟನ್ ದಾಟಿ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಎರಡಕ್ಕೂ ಒಂದೇ. ಕೇಟಿಯೂ ಅದೇ ದಾರಿ, ಲಿಯಾಂಡರೂ ಅದೇ ದಾರಿ. ಕೇಟಿಯ ತಿರುವನ್ನು ದಾಟಿದಳೋ, ಮನೆಗೆ. ಹೊಗೆ ಬರಲಿಲ್ಲ. ಕಿಟಕಿ ಇಳಿಸಿ ಎಂಜಿನ್ ಕೇಳಿದೆ. ಬೆಲ್ಟು, ಗೇರು, ಬೇರಿಂಗು, ಒಂದರಲ್ಲೂ ಕೊರತೆಯಿಲ್ಲ. ಇಷ್ಟು ಸರಿಯಾಗಿ ಓಡುವ ಗಾಡಿಯ ಹಿಂದೆ ನಾನು ಎಂದೂ ಹೋದವನಲ್ಲ.

ತಿರುವಿನ ಹಸಿರು ಫಲಕ ಕಾಣಿಸಿತು. ನಂದಿಯ ಹಿಂಗಾಜಿನ ಮೂಲಕ ಮುಂಗಾಜು ಸ್ಪಷ್ಟವಾಗಿ ಕಾಣುತ್ತಿತ್ತು. ತಿರುಗುವ ಮನಸ್ಸಿದ್ದರೆ ಮೊದಲು ವೈಪರ್ ಆಡುತ್ತದೆ. ಎಂಟು ವರ್ಷ ಒಂದು ಸಲವೂ ತಪ್ಪಿದ್ದಿಲ್ಲ. ವೈಪರ್ ಆಡಲಿಲ್ಲ. ಫಲಕ ಹತ್ತಿರ ಬಂತು, ವೈಪರ್ ಕದಲಲಿಲ್ಲ. ನೇರ ಹೋಗುತ್ತಾಳೆ ಎಂದುಕೊಂಡೆ. ಹಾಲು ಇದೆಯೋ ಇಲ್ಲವೋ, ದಾರಿಯಲ್ಲಿ ತೆಗೆದುಕೊಳ್ಳಬೇಕು ಎಂದುಕೊಂಡೆ.

ಬಲಗಡೆಯ ಇಂಡಿಕೇಟರ್ ಮಿನುಗಿತು. ಮೊದಲ ಸಲಕ್ಕೇ, ಸರಿಯಾದ ಕಡ್ಡಿ. ಅಷ್ಟು ದೂರ ಓಡಿಸಿದವಳ ಕೈ ಈಗ ತಪ್ಪುವುದಿಲ್ಲ. ಮಿನುಗುತ್ತ ಮಿನುಗುತ್ತ ನಂದಿ ಬಲಕ್ಕೆ ಸರಿದು ಇಳಿದುಹೋಯಿತು. ಇಳಿಯುವ ಮುನ್ನ ಅವಳು ಕಿಟಕಿಯಿಂದ ಒಮ್ಮೆ ಕೈ ತೋರಿಸಿದಳು.

ನಾನು ನೇರ ಬಂದೆ. ಹಾಲು ತೆಗೆದುಕೊಂಡೆ.

ನಮ್ಮ ಬೀದಿಗೆ ಬಂದಾಗ ಇನ್ನೂ ಬೆಳಕಿತ್ತು. ತಿರುಗುವಾಗ ನನ್ನ ಕೈ ತಾನಾಗಿ ವೈಪರಿನ ಕಡ್ಡಿಗೆ ಹೋಯಿತು. ತಾನಾಗಿ ಅಲ್ಲ, ನಾನೇ ಹಾಕಿದೆ. ಒಣ ಗಾಜಿನ ಮೇಲೆ ಕಿರ್ ಕಿರ್. ಶಾಂತವ್ವ ಕುರ್ಚಿಯಿಂದ ಅರ್ಧ ಎದ್ದು, ಮುಖ ತುಂಬ ನಗುತ್ತ ಕೈ ಎತ್ತಿದರು.

"ಬಂದ್ಳೇನೋ ತಮ್ಮಾ?"

ಗಾಡಿ ನಿಲ್ಲಿಸಿ ಕಿಟಕಿ ಇಳಿಸಿದೆ. ವೈಪರ್ ಬಂದ್ ಮಾಡಲು ನೆನಪಾಗಲಿಲ್ಲ, ಆಡುತ್ತಲೇ ಇತ್ತು.

"ಇಲ್ಲವ್ವಾ. ಮಳಿ ಬಂದಂಗಾತು."

ಶಾಂತವ್ವ ನನ್ನ ಪಕ್ಕದ ಖಾಲಿ ಸೀಟನ್ನು ನೋಡಿದರು. ಆಮೇಲೆ ಕೈಯನ್ನು ಹಣೆಗೆ ಅಡ್ಡ ಹಿಡಿದು, ಒಂದು ಮೋಡವೂ ಇಲ್ಲದ ಆಕಾಶವನ್ನು ನೋಡಿದರು.

"ಹೌದಪಾ" ಎಂದರು. "ನನಗೂ ಹಂಗ ಅನಸ್ತು."